ಇಲಿಯ ಎದುರಿಗೆ ಕುದುರೆ

ಮೈಸುಯಿಯ ಅಪ್ಪನಿಗೆ,

ಕುದುರೆ ಸಿಕ್ಕಿತು!

ಪತ್ರ ಅಂದರೆ ಮೊದಲು ಕ್ಷೇಮ ಸಮಾಚಾರ, ಆಮೇಲೆ ವಿಷಯ ಎಂದು ಶಾಲೆಯಲ್ಲಿ ಕಲಿಸಿದ್ದರು. ಇವತ್ತು ನನಗೆ ಅಷ್ಟು ತಾಳ್ಮೆ ಇಲ್ಲ. ಕುದುರೆ ಸಿಕ್ಕಿತು, ಮೊದಲು ಕಂಡವಳು ನಾನೇ, ನನ್ನ ಉಗುರಿನ ಸಂದಿಯಲ್ಲಿ ಅದರ ಮಣ್ಣು ಇನ್ನೂ ಇದೆ. ನಾದಿಟ್ಟ ಗೋಧಿ ಹಿಟ್ಟು ಒದ್ದೆ ಬಟ್ಟೆಯ ಕೆಳಗೆ ಮಲಗಿದೆ. ಅದು ಹದಕ್ಕೆ ಬರುವಷ್ಟರಲ್ಲಿ ನಿನಗೆ ಎಲ್ಲವನ್ನೂ ಹೇಳಿಬಿಡಬೇಕು. ಒಳಗಿನಿಂದ ನಿಮ್ಮಮ್ಮ ಆಗಲೇ ಕೂಗಿದರು, "ಏನೇ ಅದು, ಹೊತ್ತು ಮುಳುಗೋ ಹೊತ್ತಲ್ಲಿ ಪರೀಕ್ಷೆ ಬರಿಯೋಕೆ ಕೂತಿದೀಯ?"

ನೀನು ಹೋದಂದಿನಿಂದ ದಿನಾ ಸಂಜೆ ಒಂದೆರಡು ಸಾಲು ಬರೆದಿಡುತ್ತೇನೆ. ಗೋಧಿಗೆ ನೀರು ಬಿಟ್ಟೆ, ಅತ್ತೆಗೆ ಮಂಡಿ ನೋವು, ಮಗಳು ಮೈಸುಯಿ ಫೋನ್ ಮಾಡಿದ್ದಳು, ಇಂಥವೇ. ಇವತ್ತಿನದು ಅಷ್ಟರಲ್ಲಿ ಹಿಡಿಸುವುದಿಲ್ಲ. ಅಲ್ಲದೆ ನಾಳೆ ನಿನಗೆ ಮನೆ ಬದಲಾವಣೆ. ಶಿಆನ್ ಕಡೆಯಿಂದ ಬರುವ ಹೊಸ ಹೆದ್ದಾರಿ ನಮ್ಮೂರ ಗೋರಿಗಳಿರುವ ಹೊಲದ ಮೇಲೇ ಹಾದು ಹೋಗುತ್ತದೆ. ಊರಿನ ಸತ್ತವರನ್ನೆಲ್ಲ ಒಬ್ಬೊಬ್ಬರಾಗಿ ಎಬ್ಬಿಸಿ ಉತ್ತರದ ದಿಣ್ಣೆಗೆ ಕರೆದೊಯ್ಯುತ್ತಿದ್ದಾರೆ. ನಿನ್ನ ಸರದಿ ನಾಳೆ ಬೆಳಗಿನ ಜಾವ, ಬಿಸಿಲು ಪೆಟ್ಟಿಗೆಗೆ ತಾಗುವ ಮೊದಲು. ಹೊಸ ಗುಂಡಿಯ ಅಂಚಿನಲ್ಲಿ ನಿನ್ನ ಖರ್ಚಿಗೆಂದು ಕಾಗದದ ಹಣ ಸುಡುವಾಗ ಈ ಪತ್ರವನ್ನೂ ಅದೇ ಬೆಂಕಿಗೆ ಹಾಕುತ್ತೇನೆ. ಅಷ್ಟರೊಳಗೆ ಹೇಳಿ ಮುಗಿಸಬೇಕಾದ್ದು ಬಹಳ ಇದೆ.

ಅದೇ ಹೆದ್ದಾರಿಯ ದಾರಿಯಲ್ಲಿ, ದಕ್ಷಿಣದ ಹೊಲದಲ್ಲಿ, ಟಾಂಗ್ ಅರಸರ ಕಾಲದ, ಸಾವಿರ ವರ್ಷಕ್ಕೂ ಹಳೆಯ ಒಂದು ಗೋರಿ ಸಿಕ್ಕಿದೆ. ರಸ್ತೆಯವರು ಬರುವ ಮೊದಲು ಅದನ್ನು ಅಗೆದು ನೋಡಿ ಒಳಗಿನದನ್ನು ತೆಗೆದಿಡಬೇಕು. ನಗರದಿಂದ ಕೌ ಟೀಚರ್ ಎನ್ನುವ ಹೆಣ್ಣುಮಗಳು ಬಂದಿದ್ದಾಳೆ, ನಮ್ಮ ಮೈಸುಯಿಗಿಂತ ಚಿಕ್ಕವಳು. ಮಣ್ಣು ಎತ್ತಲು, ಜರಡಿ ಹಿಡಿಯಲು ಊರಿನ ಹೆಂಗಸರನ್ನು ಕರೆದಳು. ಪಕ್ಕದ ಮನೆ ಸಾನ್‌ನಿ ಹೊರಟಳು, ಅವಳ ಹಿಂದೆ ನಾನೂ ಹೊರಟೆ. ಮನೆಯಲ್ಲಿ ಕೂತರೆ ಗೇಟಿನ ಸದ್ದಿಗೆ ಕಿವಿ ಹೋಗುತ್ತದೆ. ಗೇಟು ಅಲುಗಿದರೆ ಕೈ ತಾನಾಗಿ ನಿನ್ನ ಬಟ್ಟಲಿಗೆ ಹೋಗುತ್ತದೆ. ಅದಕ್ಕಿಂತ ಮಣ್ಣು ಹೊರುವುದು ಮೇಲು ಅನ್ನಿಸಿತು.

ನೀನು ಇರಬೇಕಿತ್ತು. ನೀನು ಜೀವಮಾನವೆಲ್ಲ ಮಾಡಿದ್ದು ನೆಲಕ್ಕೆ ಕೊಳವೆ ಸಲಿಕೆ ಇಳಿಸುವ ಕೆಲಸ. ಉದ್ದ ಕೋಲನ್ನು ಕುಕ್ಕಿ ಕುಕ್ಕಿ ಇಳಿಸಿ, ಮೇಲೆ ಬಂದ ಮಣ್ಣನ್ನು ಅಂಗೈಯಲ್ಲಿ ಪುಡಿ ಮಾಡಿ, ಇದು ಯಾರೂ ಮುಟ್ಟದ ಮಣ್ಣು, ಇದು ಅಗೆದು ಮತ್ತೆ ತುಂಬಿದ ಮಣ್ಣು ಎಂದು ಹೇಳುತ್ತಿದ್ದೆ. ಕೆಳಗೆ ಗೋರಿ ಇದೆ ಎಂದು ಸುಣ್ಣದ ಗೆರೆ ಎಳೆದರೆ ಮುಗಿಯಿತು. ಅಗೆಯುವವರು ಬರುವಷ್ಟರಲ್ಲಿ ನಿನ್ನನ್ನು ಇನ್ನೊಂದು ಹೊಲಕ್ಕೆ ಕಳಿಸಿರುತ್ತಿದ್ದರು. "ನಾನು ಬಾಗಿಲು ತಟ್ಟಿ ಬರೋನು ಕಣೇ. ಒಳಗೆ ಹೋಗಿ ಕೂತು ಟೀ ಕುಡಿಯೋರು ಬೇರೆಯೋರು" ಎಂದು ನಗುತ್ತಿದ್ದೆ. ನಗುತ್ತಿದ್ದೆ, ಆದರೆ ಒಳಗೆ ಏನಿತ್ತು ಎಂದು ತಿಳಿಯುವ ಆಸೆ ನಿನಗೆ ಎಷ್ಟಿತ್ತೆಂದು ನನಗೆ ಗೊತ್ತು. ಮುಖ್ಯವಾಗಿ ಆ ಹನ್ನೆರಡು ಪ್ರಾಣಿಗಳು. ಇಲಿ ವರ್ಷ, ಕುದುರೆ ವರ್ಷ ಎಂದು ವರ್ಷಕ್ಕೊಂದರ ಹೆಸರಿನಲ್ಲಿ ನಾವು ಹುಟ್ಟುವ ಆ ಹನ್ನೆರಡನ್ನೇ ಮಣ್ಣಿನಲ್ಲಿ ಮಾಡಿ, ಮನುಷ್ಯರ ಮೈ, ಪ್ರಾಣಿಯ ತಲೆ, ಅಧಿಕಾರಿಗಳ ನಿಲುವಂಗಿ ತೊಡಿಸಿ ಗೋರಿಯಲ್ಲಿ ನಿಲ್ಲಿಸುತ್ತಿದ್ದರು ಎಂದು ಕೇಳಿ ಬಂದಿದ್ದೆ. ಒಂದು ಸಲ ನನ್ನನ್ನು ಶಿಆನ್‌ನ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ಗಾಜಿನ ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಟ್ಟಿದ್ದರು. ಅವುಗಳ ಬೆನ್ನು ಕಾಣುತ್ತಿರಲಿಲ್ಲ. ನೀನು ಕೆನ್ನೆಯನ್ನು ಗಾಜಿಗೆ ಒತ್ತಿ ಇಣುಕಿದೆ. "ಇಲಿಗೆ ಆ ನಿಲುವಂಗಿ ಒಳಗೆ ಬಾಲ ಐತೋ ಇಲ್ವೋ ನೋಡೋಣ ಅಂತ" ಎಂದಾಗ ಕಾವಲಿನವಳು, "ಅಜ್ಜಾ, ಗಾಜು ಒರೆಸೋಳು ನಾನು" ಎಂದು ಬೈದಳು. ಆಗ ನಿನಗೆ ಐವತ್ತೂ ಆಗಿರಲಿಲ್ಲ. ಅಜ್ಜ ಎಂದಳಲ್ಲ ಎಂದು ಬಸ್ಸಿನುದ್ದಕ್ಕೂ ಗೊಣಗಿದೆ.

ಕೇಳು ಹಾಗಾದರೆ. ಈ ಗೋರಿಯಲ್ಲೂ ಆ ಹನ್ನೆರಡಿವೆ, ಇಲಿಗೆ ಬಾಲ ಇಲ್ಲ! ನಾನು ಕೌ ಟೀಚರನ್ನು ಕೇಳಿ, ಗೋಡೆಗೆ ಮುಖವಿಟ್ಟು, ಟಾರ್ಚ್ ಹಿಡಿದು ಪಕ್ಕದಿಂದ ನೋಡಿದೆ. ಬೆನ್ನು ನೇರ, ನುಣುಪು, ನಡುವಿಗೊಂದು ಪಟ್ಟಿ, ಅಷ್ಟೇ. ಇಷ್ಟು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ, ಇನ್ನು ಆರಾಮಾಗಿ ಮಲಗು.

ಒಳಗೆ ಹೇಗಿದೆ ಅಂದರೆ, ದಕ್ಷಿಣದಿಂದ ಉದ್ದಕ್ಕೆ ಇಳಿಜಾರು ದಾರಿ. ಅದರ ಕೊನೆಗೆ, ದಕ್ಷಿಣದ ಗೋಡೆಯ ಒಂದು ಮೂಲೆಯಲ್ಲಿ ಬಾಗಿಲು, ಬಾಗಿಲ ಆಚೆ ಇಟ್ಟಿಗೆಯ ಒಂದೇ ಕೋಣೆ. ಒಂದೊಂದು ಗೋಡೆಯಲ್ಲಿ ಮೂರು ಮೂರು ಗೂಡು, ನಾವು ಒಲೆಯ ಮೇಲೆ ದೀಪಕ್ಕೆ ಬಿಡುವಂಥದ್ದೇ, ಸ್ವಲ್ಪ ಎತ್ತರ. ಗೂಡಿಗೊಂದು ಪ್ರಾಣಿ, ಮೊಳಕ್ಕಿಂತ ಚಿಕ್ಕದು. ಎಲ್ಲರಿಗೂ ದೊಗಳೆ ತೋಳಿನ ನಿಲುವಂಗಿ, ಎಲ್ಲರೂ ಎರಡೂ ಕೈಯನ್ನು ಎದೆಯ ಮುಂದೆ ತೋಳಿನೊಳಗೆ ಸೇರಿಸಿಕೊಂಡು ನಿಂತಿದ್ದಾರೆ. ಹಂದಿ ನಮ್ಮ ಹಳೆಯ ಗ್ರಾಮ ಮುಖಂಡನ ಹಾಗೇ ಇದೆ, ಊಟವಾದ ಮೇಲೆ ಸಭೆಗೆ ಬಂದವನ ಮುಖ. ಕೋಳಿಯ ಜುಟ್ಟು ಮುರಿದಿದೆ, ಆದರೂ ಠೇಂಕಾರ ಹೋಗಿಲ್ಲ. ಕೋತಿಯನ್ನು ನೋಡಿ ಸಾನ್‌ನಿ, "ಅಯ್ಯೋ, ಇದು ನಮ್ಮ ಮಾವನೇ" ಎಂದು ಎಷ್ಟು ನಕ್ಕಳೆಂದರೆ ಕೌ ಟೀಚರ್ ಅವಳನ್ನು ಮೇಲಕ್ಕೆ ಕಳಿಸಿಬಿಟ್ಟಳು. ಒಂದಿಷ್ಟು ತಮ್ಮ ಗೂಡುಗಳಲ್ಲೇ ನಿಂತಿದ್ದವು, ಕೆಲವು ಕೆಳಗೆ ಕೆಸರಿನಲ್ಲಿ ಬಿದ್ದಿದ್ದವು. ಯಾವ ಕಾಲದಲ್ಲೋ ಬಾಗಿಲಿನಿಂದ ನೀರು ನುಗ್ಗಿದೆ. ಒಂದು ಕಡೆ ಕಳ್ಳರು ಕೊರೆದ ಕಿಂಡಿಯೂ ಇದೆ. ಎಲ್ಲ ಪ್ರಾಣಿಗಳೂ ಬಿಡಿಸಿ ಕಾಣುವವರೆಗೆ ಯಾವುದನ್ನೂ ಎತ್ತಬಾರದು ಎಂದು ಕೌ ಟೀಚರ್ ಹಟ ಹಿಡಿದಿದ್ದಳು.

ಇಲಿ ಉತ್ತರದ ಗೋಡೆಯ ನಡುಗೂಡಿನಲ್ಲಿ, ಒಂದು ಕಿವಿ ಚೂರು ಹಾರಿದ್ದು ಬಿಟ್ಟರೆ ಇಟ್ಟ ಹಾಗೇ ಇದೆ. ಅದನ್ನು ಮೊದಲ ದಿನ ಕಂಡಾಗ ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟು ನೋಡುತ್ತಾ ನಿಂತೆ. ಚಳಿಗಾಲದಲ್ಲಿ ನಾನು ತಲೆಗೆ ವಸ್ತ್ರ ಕಟ್ಟಿಕೊಂಡು ಬರುವವರೆಗೆ ಅಂಗಳದಲ್ಲಿ ನಿಲ್ಲುತ್ತಿದ್ದೆಯಲ್ಲ, ಕೈಯೆರಡನ್ನೂ ತೋಳಿನೊಳಗೆ ತೂರಿಸಿಕೊಂಡು, ಗದ್ದ ಸ್ವಲ್ಪ ಮೇಲೆತ್ತಿ, "ಆಯ್ತಾ? ಇನ್ನೂ ಆಗಲಿಲ್ವಾ?" ಎನ್ನುವ ಹಾಗೆ. ಅದೇ ನಿಲುವು. ಇಲಿ ವರ್ಷದವರೆಲ್ಲ ಹಾಗೇ ನಿಲ್ಲುತ್ತಾರೋ ಏನೋ.

ಆದರೆ ಅದರ ಎದುರಿನ ಗೂಡು, ದಕ್ಷಿಣದ್ದು, ಕುದುರೆಯದು, ಖಾಲಿ. ಆ ಗೋಡೆಯ ಬುಡದಲ್ಲಿ ಕೆಸರು ಗಟ್ಟಿಯಾಗಿ ಕಲ್ಲಾಗಿತ್ತು, ಹಾಗಾಗಿ ಅದನ್ನು ಕೊನೆಗೆಂದು ಬಿಟ್ಟಿದ್ದರು. ಗೂಡಿನೊಳಗೂ ಅರ್ಧದವರೆಗೆ ಕೆಸರು ತುಂಬಿ ಮೇಲರ್ಧ ಮಾತ್ರ ಕಾಣುತ್ತಿತ್ತು, ಅದರಲ್ಲಿ ಏನೂ ಇರಲಿಲ್ಲ. ಸಾನ್‌ನಿಗೆ ಅಷ್ಟು ಸಾಕು. "ಯೂಮಿಯೆನ್, ನಿನ್ನ ಕುದುರೆ ಲಾಯ ಬಿಟ್ಟು ಓಡಿಹೋಗಿದೆ ಕಣೇ. ನೀನು ಇಲ್ಲಿಗೆ ಬಂದಿದೀಯ ಅಂತ ಗೊತ್ತಾಗಿರಬೇಕು" ಎಂದು ದಿನವೂ ಚುಚ್ಚುವಳು. ನಾನೂ ನಗುತ್ತಿದ್ದೆ. ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ನಗಲಿಲ್ಲ.

"ಕುದುರೇನ ಅವರು ಇಟ್ಟೇ ಇಲ್ಲ. ಅಲ್ಲಿ ಮಲಗಿರೋನು ಇಲಿ ವರ್ಷದೋನೇ ಇರ್ಬೇಕು. ಇಲಿ ಮಲಗಿರೋ ಕಡೆ ಕುದುರೆ ನಿಲ್ಲಬಾರದು ಅಂತ ಆ ಕಾಲದೋರಿಗೂ ಗೊತ್ತಿತ್ತು. ಗೊತ್ತಿಲ್ಲದೋಳು ನೀನೊಬ್ಬಳೇ."

ಆ ಮಾತು ನನಗೆ ಎಲ್ಲಿ ನಾಟಿತೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ನೀನು ಇಲಿ ವರ್ಷದವನು, ನಾನು ಕುದುರೆ ವರ್ಷದವಳು, ಮೊದಲಿನಿಂದಲೂ ನಮ್ಮಿಬ್ಬರದು ಅದೇ ಕತೆ. ಇಲಿಗೂ ಕುದುರೆಗೂ ಆಗಿಬರುವುದಿಲ್ಲ, ಈ ಸಂಬಂಧ ಬೇಡ ಎಂದು ಎರಡೂ ಮನೆಯವರು ಹೇಳಿದ್ದರು. ನೀನು ಸೈಕಲ್ ಮೇಲೆ ಬಂದು ನಮ್ಮಪ್ಪನಿಗೆ, "ನಮ್ಮಮ್ಮನೂ ಕುದುರೆ ವರ್ಷದೋಳೇ. ಹುಟ್ಟಿದಾಗಿನಿಂದ ಒಂದು ಕುದುರೆ ಹತ್ರ ಒದೆಸಿಕೊಂಡು ಅಭ್ಯಾಸ ಆಗೈತೆ, ಇನ್ನೊಂದು ಏನು ಮಹಾ?" ಎಂದೆಯಂತೆ. ನಮ್ಮಪ್ಪ ನಕ್ಕಿದ್ದೇ ತಪ್ಪಾಯಿತು, ಮದುವೆ ಆಗಿಹೋಯಿತು. ಎರಡು ಕುದುರೆಗಳ ನಡುವೆ ಒಂದು ಇಲಿ ಎಂದು ನೀನು ಎಲ್ಲರ ಮುಂದೆ ಹೇಳಿಕೊಂಡು ಓಡಾಡಿದೆ. ಅಷ್ಟು ವರ್ಷ ನಮಗೆ ಯಾವುದೂ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ನಿನ್ನನ್ನು ಮಣ್ಣಿಗೆ ಇಳಿಸುವ ದಿನ.

ಆ ದಿನ ದಾಂಗ್ ಜೋಯಿಸರು ದಿಕ್ಸೂಚಿ ಹಿಡಿದು ಗುಂಡಿಯ ತಲೆಯ ಕಡೆ ನಿಂತಿದ್ದರು. ಹಗ್ಗ ಬಿಗಿಯಾಯಿತು. "ಇಲಿ ವರ್ಷದೋನು ಇಳೀತಾನೆ. ಕುದುರೆ ವರ್ಷದೋರು ತಿರುಗಿ ನಿಲ್ಲಿ, ದೃಷ್ಟಿ ಬೀಳಬಾರದು" ಎಂದು ಕೂಗಿದರು. ನಾನು ಕೇಳಿಸಿಕೊಳ್ಳಲಿಲ್ಲ, ಅಥವಾ ಕಾಲು ಕೇಳಲಿಲ್ಲ. ಆಗ ಹಿಂದಿನಿಂದ ನಿಮ್ಮಮ್ಮನ ಕೈ ಬಂತು. ಹೆತ್ತವರು ಮಗನ ಗುಂಡಿಯ ಹತ್ತಿರ ಬರಬಾರದು ಎಂದು ಎಲ್ಲರೂ ಹೇಳಿದರೂ ಕೇಳದೆ ಬಂದಿದ್ದರಲ್ಲ. ಆ ಕೈ ನನ್ನ ಕತ್ತನ್ನು ಹಿಡಿದು ತಿರುಗಿಸಿ ಕೆಳಕ್ಕೆ ಒತ್ತಿತು. ಬಿಡಲೇ ಇಲ್ಲ. ನಾನು ಕಂಡದ್ದು ಗೋಧಿಯ ಮೊಳಕೆ, ನನ್ನ ಬಟ್ಟೆ ಬೂಟಿನ ಬಿಳಿ ಹೊಲಿಗೆ. ಹಗ್ಗ ಕಿರುಗುಟ್ಟಿದ್ದು ಕೇಳಿಸಿತು, ಮೊದಲ ಸಲಿಕೆ ಮಣ್ಣು ಮರದ ಮೇಲೆ ಬಿದ್ದದ್ದು ಕೇಳಿಸಿತು. ತಿರುಗಬಹುದು ಎಂದಾಗ ಅಲ್ಲಿ ಮಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ. ಎಲ್ಲರೂ ನೀನು ಹೋಗಿದ್ದನ್ನು ಕಂಡಿದ್ದಾರೆ, ನಾನು ಕೇಳಿಸಿಕೊಂಡಿದ್ದೇನೆ ಅಷ್ಟೇ. ಕಿವಿ ಕೇಳಿದ್ದನ್ನು ಕಣ್ಣು ಈ ಮೂರು ವರ್ಷವೂ ನಂಬಿಲ್ಲ. ಅದಕ್ಕೇ ಆ ಗೇಟು, ಅದಕ್ಕೇ ಆ ಬಟ್ಟಲು.

ಗೋರಿಗಳನ್ನು ಸ್ಥಳಾಂತರಿಸುತ್ತಾರೆ ಎಂದು ಧ್ವನಿವರ್ಧಕದಲ್ಲಿ ಸಾರಿದ ದಿನ ಊರೆಲ್ಲ ಬೈದುಕೊಂಡಿತು. ನಾನೂ ಬೈದೆ. ಆಮೇಲೆ ಪಾತ್ರೆ ತೊಳೆಯುತ್ತಿದ್ದಾಗ ಥಟ್ಟನೆ ಹೊಳೆಯಿತು: ನಿನ್ನನ್ನು ಮತ್ತೊಮ್ಮೆ ಇಳಿಸುತ್ತಾರೆ! ಸತ್ತವರನ್ನು ಎರಡನೆಯ ಸಲ ಬೀಳ್ಕೊಡುವ ಭಾಗ್ಯ ಯಾರಿಗಿದೆ? ಕೈಯಲ್ಲಿದ್ದ ಬಟ್ಟಲು ಜಾರಿ ನೀರಿಗೆ ಬಿತ್ತು, ಎದೆ ಹೊಡೆದುಕೊಳ್ಳತೊಡಗಿತು, ಮದುವೆಗೆ ಮುಂಚೆ ನಿನ್ನ ಸೈಕಲ್ ಗಂಟೆ ಕೇಳಿದಾಗ ಹೊಡೆದುಕೊಳ್ಳುತ್ತಿದ್ದ ಹಾಗೆ.

ಗಳಿಗೆ ಗೊತ್ತು ಮಾಡಲು ದಾಂಗ್ ಜೋಯಿಸರು ಮನೆಗೆ ಬಂದಾಗ ಕೇಳಿಯೇಬಿಟ್ಟೆ. "ಜೋಯಿಸರೇ, ಈ ಸಲ ನಾನು ನೋಡ್ಲಾ?"

"ಏನು ನೋಡ್ತೀಯ?"

"ಮೈಸುಯಿ ಅಪ್ಪ ಇಳಿಯೋದನ್ನ."

ಅವರು ಟೀ ಲೋಟ ಕೆಳಗಿಟ್ಟರು. "ಹುಡುಗಾಟ ಅಂದ್ಕೊಂಡ್ಯಾ? ಈ ವರ್ಷ ಕುದುರೆ ವರ್ಷ. ನಿಂದೇ ವರ್ಷ. ನಿನ್ನ ವರ್ಷದಲ್ಲಿ ನೀನು ನಿನ್ನ ನೆರಳು ತುಳೀದ ಹಾಗೆ ನಡೀಬೇಕು. ಅಂಥದ್ರಲ್ಲಿ ಇಲಿ ವರ್ಷದೋನ ಗುಂಡಿಗೆ ಇಣುಕ್ತಾಳಂತೆ! ಜ್ವರ ಬಂದು ಮಲಗ್ತೀಯ, ಏಳಲ್ಲ."

"ಹಂಗೆ ಹೇಳಿ ಅವಳಿಗೆ" ಎಂದರು ಒಳಗಿನಿಂದ ಅತ್ತೆ.

ನಾನು ಬಿಡಲಿಲ್ಲ. ಬಾಯಿ ಇಲ್ಲದವಳು ಎಂದು ನೀನು ನನ್ನನ್ನು ಹಂಗಿಸುತ್ತಿದ್ದೆಯಲ್ಲ, ನೋಡಬೇಕಿತ್ತು. "ಅಲ್ಲಿ ಗೋರೀಲಿ ಹನ್ನೆರಡಕ್ಕೂ ಗೂಡು ಮಾಡಿದಾರೆ. ಕುದುರೆ ಗೂಡು ಇಲಿ ಗೂಡಿನ ಎದುರಿಗೇ ಇದೆ. ಅಲ್ಲಿ ಕುದುರೆ ಇಲಿ ಕಡೆ ನೋಡ್ತಾ ನಿಂತಿದ್ರೆ?"

"ನಿಂತಿದೆಯಾ? ಗೂಡು ಖಾಲಿ ಅಂತ ಊರಿಗೆಲ್ಲ ಗೊತ್ತು. ಸಾನ್‌ನಿ ಡಂಗುರ ಹೊಡೆದಿದಾಳೆ." ಅವರು ಎದ್ದು ಟೋಪಿ ಹಾಕಿಕೊಂಡರು. "ಕುದುರೆ ಸಿಕ್ಕಿದ ದಿನ ಬಾ. ಬರೀ ಸಿಕ್ಕಿದ್ರೆ ಸಾಲದು, ಯಾವ ಕಡೆ ಮುಖ ಮಾಡಿತ್ತು ಅಂತ ಹೇಳ್ಬೇಕು. ಆಮೇಲೆ ಮಾತಾಡೋಣ."

ಅಂದಿನಿಂದ ನಾನು ಮಣ್ಣು ಹೊತ್ತದ್ದು ಕೂಲಿಯವಳಾಗಿ ಅಲ್ಲ. ನಿನ್ನ ದಿನ ಹತ್ತಿರ ಬಂತು, ದಕ್ಷಿಣದ ಗೋಡೆ ಹಾಗೇ ಇತ್ತು. ನಿನ್ನೆ ಕೌ ಟೀಚರ್, "ನಾಳೆ ಆ ಗೋಡೆ" ಎಂದಾಗ ನನಗೆ ರಾತ್ರಿ ಊಟ ಸೇರಲಿಲ್ಲ.

ಇವತ್ತು ಬೆಳಿಗ್ಗೆ ಅವಳು ಗೂಡುಗಳ ಸಾಲಿನಲ್ಲಿ, ನಾನು ಕೆಳಗೆ ಬುಡದಲ್ಲಿ. ಬಿದಿರಿನ ಕಡ್ಡಿಯಿಂದ ಕೆಸರಿನ ಹೆಪ್ಪನ್ನು ಬಿಡಿಸಿ ಬಕೆಟ್ಟಿಗೆ ಹಾಕುವುದು ನನ್ನ ಕೆಲಸ. ಒಂದು ಕಡೆ ಕಡ್ಡಿ ತಾಗಿದ ಸದ್ದು ಬೇರೆಯಾಯಿತು. ಇಟ್ಟಿಗೆ ಹಾಗಲ್ಲ, ಬಟ್ಟಲಿನ ಅಂಚಿನ ಹಾಗೆ. ಕೈಯಿಂದ ಮಣ್ಣು ಸರಿಸಿದೆ. ಚೂಪಾಗಿ, ನನ್ನ ಕಿರುಬೆರಳಿನಷ್ಟು, ಮಧ್ಯೆ ಹಳ್ಳ. ಕಿವಿ!

"ಟೀಚರ್! ಕಿವಿ! ಕಿವಿ ಇದೆ!" ನಾನು ಕಿರುಚಿದ್ದು ಇಳಿಜಾರಿನ ಮೇಲೆ ಜರಡಿ ಹಿಡಿದವರಿಗೂ ಕೇಳಿಸಿತಂತೆ. ಸಾನ್‌ನಿ ಓಡಿ ಬಂದು ಬಾಗಿಲಿನಿಂದ ಕತ್ತು ಚಾಚಿದಳು. "ಮೊಲ ಇರ್ಬೇಕು ಬಿಡು."

"ಮೊಲ ಪೂರ್ವದ ಗೋಡೇಲಿ ನಿಂತಿದೆ ಕಣೇ, ಅಲ್ಲೇ ಇದೆ, ಕಣ್ಣು ಬಿಟ್ಟು ನೋಡು!"

"ಹಂಗಾದ್ರೆ ಕತ್ತೆ. ಪೆಟ್ಟಿಗೆ ಹೊತ್ತ ಕತ್ತೇನ ಒಳಗೇ ಬಿಟ್ಟು ಹೋಗಿರ್ತಾರೆ."

ಕೌ ಟೀಚರ್ ಏಣಿಯಿಂದ ಹೇಗೆ ಇಳಿದಳೋ ಗೊತ್ತಿಲ್ಲ. "ಯಾರೂ ಕೈ ಹಾಕ್ಬೇಡಿ. ಚಿಕ್ಕಮ್ಮ, ನೀವು ಮಾತ್ರ ಇರಿ, ದೀಪ ಹಿಡೀರಿ" ಎಂದಳು. ದೀಪ ಹಿಡಿದೆ. ದೀಪಕ್ಕಿಂತ ಮುಂದೆ ನನ್ನ ಮುಖವೇ ಬಗ್ಗಿತ್ತು. ಅವಳು, "ಚಿಕ್ಕಮ್ಮ, ಉಸಿರಾಡಿ" ಎಂದಳು. ಕುಂಚದಿಂದ ಮಣ್ಣು ಸರಿದ ಹಾಗೆ ಉದ್ದ ಮುಖ ಬಂತು, ಆಮೇಲೆ ಕಣ್ಣು, ಆಮೇಲೆ ಮೂಗಿನ ಹೊಳ್ಳೆ. ಹೊಳ್ಳೆಯೊಳಗೆ ಇನ್ನೂ ಕೆಂಪು ಬಣ್ಣ ಇದೆ, ಮೈಸುಯಿ ಅಪ್ಪ, ಈಗ ತಾನೇ ಓಡಿ ಬಂದು ಉಸಿರು ಬಿಡುತ್ತಿದೆ ಎನ್ನುವ ಹಾಗೆ! ಮುಂದೆ ನಿಲುವಂಗಿ, ತೋಳು, ಮಡಿಸಿದ ಕೈ. ಕಾಲಿನ ಹತ್ತಿರ ಮಾತ್ರ ಮುರಿದಿತ್ತು. ಪಾದ ಇರಲಿಲ್ಲ.

ಕೌ ಟೀಚರ್ ಕೆಸರಿನಲ್ಲೇ ಕೂತು ನಕ್ಕಳು. ನಾನು ನಗಲಿಲ್ಲ. ನನ್ನ ತಲೆಯಲ್ಲಿ ಜೋಯಿಸರ ಮಾತು. "ಇದು ಎಲ್ಲಿ ನಿಂತಿತ್ತು ಟೀಚರ್? ನೀರಲ್ಲಿ ತೇಲಿ ಬಂದಿರಬಹುದಾ? ಯಾವ ಕಡೆ ಮುಖ ಮಾಡಿತ್ತು?" ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಯಾಕೆ ಎಂದು ಕೇಳಲಿಲ್ಲ. ಏಣಿ ಹತ್ತಿ ಕುದುರೆಯ ಗೂಡಿನ ತಳದಲ್ಲಿ ಗಟ್ಟಿಯಾಗಿದ್ದ ಮಣ್ಣನ್ನು ಪದರ ಪದರವಾಗಿ ಎಬ್ಬಿಸತೊಡಗಿದಳು. ಬಿಸಿಲು ಇಳಿಜಾರಿನಲ್ಲಿ ಬಾಗಿಲವರೆಗೆ ಬಂದು ಹಿಂದೆ ಹೋಯಿತು. ಮಧ್ಯಾಹ್ನಕ್ಕೆಂದು ಹಬೆಯಲ್ಲಿ ಬೇಯಿಸಿದ ಮಂತೌ ರೊಟ್ಟಿ ಮೇಲೆ ಬುಟ್ಟಿಯಲ್ಲಿ ತಣ್ಣಗಾಯಿತು. ಕೊನೆಗೆ, "ಚಿಕ್ಕಮ್ಮ, ಬನ್ನಿ" ಎಂದಳು.

ಗೂಡಿನ ತಳದಲ್ಲಿ, ಇಟ್ಟ ಜಾಗದಿಂದ ಕದಲದೆ, ಒಂದು ಚಿಕ್ಕ ಪೀಠ. ಪೀಠದ ಮೇಲೆ ನಿಲುವಂಗಿಯ ಅಂಚು. ಅಂಚಿನ ಕೆಳಗಿನಿಂದ ಎರಡು ಬೂಟಿನ ತುದಿ. ಎರಡೂ ಉತ್ತರಕ್ಕೆ!

"ಇಲ್ಲೇ ನಿಂತಿತ್ತು" ಎಂದಳು. "ಇಲಿ ಕಡೆಗೆ ನೋಡ್ತಾ. ಪಾದ ಬಿಟ್ಟು ಮೈ ಬಿದ್ದಿದೆ ಅಷ್ಟೇ."

"ಅವೆರಡಕ್ಕೂ ಆಗಿಬರಲ್ಲ ಅಂತಾರಲ್ಲ. ಮತ್ತೆ ಯಾಕೆ ನಿಲ್ಲಿಸಿದ್ರು?"

"ಯಾಕೆ ಅಂತ ಹೇಳೋಕೆ ನನಗೆ ಆಗಲ್ಲ ಚಿಕ್ಕಮ್ಮ. ಹೆಂಗೆ ನಿಂತಿತ್ತು ಅಂತ ಮಾತ್ರ ಹೇಳಬಲ್ಲೆ." ಕುಂಚದಿಂದ ಸುತ್ತಲೂ ತೋರಿಸಿ ಅವಳೇ ಸೇರಿಸಿದಳು, "ಹನ್ನೆರಡೂ ಸುತ್ತ ನಿಂತು ಕಾಯ್ತವೆ. ಉತ್ತರ ಇಲೀದು, ದಕ್ಷಿಣ ಕುದುರೇದು. ಕುದುರೆ ತಿರುಗಿ ನಿಂತರೆ ಆ ಕಡೆಯಿಂದ ನೋಡ್ಕೊಳ್ಳೋರು ಯಾರು?"

ನಾನು ಆ ಗೋಡೆಗೆ ಬೆನ್ನು ಕೊಟ್ಟು, ಕುದುರೆಯ ಗೂಡಿನ ಕೆಳಗೆ ನಿಂತು ನೋಡಿದೆ. ಕೋಣೆಯ ಆಚೆ ಬದಿಯಲ್ಲಿ ಇಲಿ. ಕೈ ತೋಳಿನೊಳಗೆ, ಗದ್ದ ಮೇಲೆ. ಎಷ್ಟು ಅರಸರು ಬಂದರು, ಎಷ್ಟು ಅರಸರು ಹೋದರು, ಮೇಲೆ ಎಷ್ಟು ಸಲ ಗೋಧಿ ಬಿತ್ತಿದರು, ಕೆಳಗೆ ಇವೆರಡೂ ಕತ್ತಲೆಯಲ್ಲಿ ಒಂದನ್ನೊಂದು ನೋಡಿಕೊಂಡೇ ಇದ್ದವು. ಅವಕ್ಕೆ ಯಾರೂ ತಿರುಗಿಕೋ ಎನ್ನಲಿಲ್ಲ. ನನಗೆ ಜೋರಾಗಿ ಕೂಗಬೇಕೆನಿಸಿತು. ಕೂಗಿಯೂಬಿಟ್ಟೆ ಅಂತ ಕಾಣುತ್ತದೆ, ಸಾನ್‌ನಿ ಮತ್ತೆ ಇಳಿದು ಬಂದಳು. ಅವಳಿಗೆ ಬೂಟಿನ ತುದಿ ತೋರಿಸಿದೆ. ಇಷ್ಟು ದಿನ ಹಂಗಿಸಿದವಳು ಸುಮ್ಮನೆ ನನ್ನ ಬೆನ್ನು ಸವರಿ, "ಓಡು. ಮುದುಕ ಊಟಕ್ಕೆ ಕೂತಿರ್ತಾನೆ, ಬಾಯಿ ತುಂಬಿರುತ್ತೆ, ಎದುರು ಮಾತಾಡಕ್ಕಾಗಲ್ಲ" ಎಂದಳು.

ಓಡಿದೆ! ಈ ವಯಸ್ಸಿನಲ್ಲಿ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ಊರ ನಡುವೆ. ದಾಂಗ್ ಜೋಯಿಸರು ನಿಜವಾಗಿಯೂ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ದೊಡ್ಡ ಬಟ್ಟಲಲ್ಲಿ ನೂಡಲ್ಸ್ ಎಳೆಯುತ್ತಿದ್ದರು.

"ಸಿಕ್ತು" ಎಂದೆ.

"ಯಾವ ಕಡೆ ಮುಖ?"

"ಉತ್ತರಕ್ಕೆ. ಇಲಿ ಕಡೆಗೆ. ಪೀಠ ಗೂಡಲ್ಲೇ ಇದೆ, ಕದಲಿಲ್ಲ."

ಅವರು ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದರು. ಬೆಳ್ಳುಳ್ಳಿ ಎಸಳೊಂದನ್ನು ಕಚ್ಚಿದರು. "ನೋಡು, ಅದು ದೊಡ್ಡ ಮನುಷ್ಯರ ಗೋರಿ. ನಮ್ಮಪ್ಪ ನನಗೆ ಕಲಿಸಿದ್ದು ಹಳ್ಳಿಯೋರ ಪದ್ಧತಿ. ಅವರು ಹಂಗೆ ನಿಲ್ಲಿಸಿದ್ರು ಅಂತ ನಾನು ನನ್ನ ಪದ್ಧತಿ ಬಿಡೋಕಾಗುತ್ತಾ?"

ನನ್ನ ಮುಖ ಹೇಗಾಯಿತೋ ಏನೋ. ಅವರು ಬಟ್ಟಲನ್ನು ಹೊಸ್ತಿಲ ಮೇಲಿಟ್ಟರು.

"ನಾಳೆ ನಾನು ಕೂಗೋದು ಕೂಗ್ತೀನಿ. ಕುದುರೆ ವರ್ಷದೋರು ತಿರುಗಿ ಅಂತ ಕೂಗೋದು ನನ್ನ ಕಸುಬು. ಆಮೇಲೆ ನಾನು ದಿಕ್ಸೂಚಿ ನೋಡ್ತಿರ್ತೀನಿ. ಯಾರು ತಿರುಗಿದ್ರು, ಯಾರು ತಿರುಗಲಿಲ್ಲ ಅಂತ ನೋಡೋಕೆ ನನ್ನ ಬೆನ್ನಲ್ಲಿ ಕಣ್ಣಿಲ್ಲ. ಆದರೆ ದಕ್ಷಿಣಕ್ಕೆ ನಿಲ್ಲು, ಕಾಲಿನ ಕಡೆಗೆ. ತಲೆ ಕಡೆಗೆ ಬಂದ್ಯೋ, ಕಾಲು ಮುರೀತೀನಿ." ನಾನು ಹೊರಟಾಗ ಹಿಂದಿನಿಂದ, "ನಿಮ್ಮತ್ತೇನ ನೀನೇ ಒಪ್ಪಿಸ್ಕೋ. ಅವಳ ಹತ್ರ ನನ್ನ ದಿಕ್ಸೂಚಿ ನಡೆಯಲ್ಲ" ಎಂದರು. ಅಷ್ಟಕ್ಕೇ ನಿಲ್ಲಿಸದೆ, "ಮಾನ್‌ಚಾಂಗ್ ಇದ್ದಿದ್ರೆ ಇವತ್ತು ಕುಣಿದುಬಿಡ್ತಿದ್ದ" ಎಂದು ತಮಗೆ ತಾವೇ ಹೇಳಿಕೊಂಡರು. ಎಷ್ಟು ದಿನವಾಗಿತ್ತು ಬೇರೆಯವರ ಬಾಯಲ್ಲಿ ನಿನ್ನ ಹೆಸರು ಕೇಳಿ.

ಉಳಿದದ್ದು ನಿಮ್ಮಮ್ಮ. ಅಂಗಳದಲ್ಲಿ ಮಣೆ ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ನಿಂತೇ ಎಲ್ಲ ಹೇಳಿದೆ, ಕಿವಿಯಿಂದ ಬೂಟಿನವರೆಗೆ. ಅವರು ಸುಲಿಯುತ್ತಲೇ ಇದ್ದರು. ಕೊನೆಗೆ ಕೇಳಿದರು, "ನಿನ್ನ ಕತ್ತು ಒತ್ತಿ ಹಿಡಿದಿದ್ದೆ ಅಂತ ನನ್ನ ಮೇಲೆ ಇನ್ನೂ ಸಿಟ್ಟಲ್ವಾ?"

"ಸಿಟ್ಟೇನಿಲ್ಲ ಅತ್ತೆ."

"ಸುಳ್ಳಿ. ನೂಡಲ್ಸ್ ಎಳೆಯೋವಾಗ ಹಲಗೆಗೆ ಫಟ್ ಫಟ್ ಅಂತ ಬಡೀತೀಯಲ್ಲ, ಅದು ನನ್ನ ತಲೆ ಅಂತಲೇ ಬಡಿಯೋದು. ನನಗೆ ಗೊತ್ತಿಲ್ವಾ?"

ನನಗೆ ನಗು ಬಂತು. ಅವರಿಗೂ ಬಂತು, ಆದರೆ ಅರ್ಧಕ್ಕೇ ನಿಂತಿತು. "ಮಗನ್ನ ಕಳ್ಕೊಂಡಿದ್ದೆ. ನೋಡಿದೋರಿಗೆ ತೊಂದರೆ ತಪ್ಪಲ್ಲ ಅಂತ ಜೋಯಿಸ ಹೇಳ್ತಾವ್ನೆ, ನೀನು ಕಂಬದ ಹಾಗೆ ನಿಂತಿದೀಯ. ಇಲಿ ಹೋಯ್ತು, ಕುದುರೇನೂ ಹೋದ್ರೆ ಈ ಅಂಗಳದಲ್ಲಿ ನಾನೊಬ್ಬಳೇ ಏನು ಮಾಡ್ಲಿ? ಅದಕ್ಕೇ ಒತ್ತಿ ಹಿಡಿದೆ." ಬೆಳ್ಳುಳ್ಳಿ ಸಿಪ್ಪೆಯನ್ನು ಮಡಿಲಿನಿಂದ ಕೊಡವಿದರು. "ನನ್ನ ಕತ್ತು ಯಾರು ಹಿಡಿದಿದ್ರು, ಕೇಳಿದ್ಯಾ ಯಾವತ್ತಾದ್ರೂ?"

ಆಗ ನನಗೆ ಹೊಳೆಯಿತು. ಎರಡು ಕುದುರೆ ಎಂದು ನೀನು ಅಷ್ಟು ವರ್ಷ ಹೇಳಿಕೊಂಡು ಓಡಾಡಿದ್ದು ಗೊತ್ತಿದ್ದೂ, ಆ ಹೊಲದಲ್ಲಿ ಎರಡು ಬೆನ್ನು ತಿರುಗಿದ್ದವು ಎಂಬುದು ಈ ಸಂಜೆವರೆಗೆ ನನ್ನ ತಲೆಗೆ ಬಂದಿರಲಿಲ್ಲ. ಬರಬಾರದು ಎಂದರೂ ಕೇಳದೆ ಅಷ್ಟು ದೂರ ನಡೆದು ಬಂದು, ಹೆತ್ತ ಮಗನಿಗೆ ಬೆನ್ನು ಹಾಕಿ, ಒಂದು ಕೈಯಿಂದ ನನ್ನನ್ನು ಹಿಡಿದುಕೊಂಡು ಅವರೂ ಗೋಧಿಯ ಮೊಳಕೆಯನ್ನೇ ನೋಡುತ್ತಾ ನಿಂತಿದ್ದರು.

ನಾನು ಪಕ್ಕದಲ್ಲಿ ಕೂತೆ. ಇಬ್ಬರೂ ಸೇರಿ ಉಳಿದ ಬೆಳ್ಳುಳ್ಳಿ ಸುಲಿದೆವು. ಆಮೇಲೆ ಅವರು ಎದ್ದು ಒಳಗೆ ಹೋಗಿ ಪೆಟ್ಟಿಗೆಯಿಂದ ಎರಡು ಕೆಂಪು ನಡುಪಟ್ಟಿ ತಂದರು. ವರ್ಷದ ಮೊದಲ ದಿನ ನಮ್ಮಿಬ್ಬರಿಗೂ ಹೊಲಿದವು ಆಗಲೇ ನಡುವಿನಲ್ಲಿವೆ, ನಮ್ಮದೇ ವರ್ಷ ಅಲ್ಲವಾ. ಇವು ಅದರ ಮೇಲೆ ಇನ್ನೊಂದೊಂದು. ಯಾವಾಗ ಹೊಲಿದರೋ ತಿಳಿಯದು. ನನ್ನದನ್ನು ತಾವೇ ಬಿಗಿದು ಕಟ್ಟಿದರು, ಉಸಿರು ಕಟ್ಟುವ ಹಾಗೆ.

"ಡಬಲ್ ಕೆಂಪು. ಇನ್ನು ಯಾವುದೂ ತಾಗಲ್ಲ ಬಿಡು" ಎಂದರು. "ನಾಳೆ ದಕ್ಷಿಣದಲ್ಲಿ ಪೂರ್ತಿ ಜಾಗ ನೀನೇ ಹಿಡ್ಕೋಬೇಡ. ನನಗೂ ಬಿಡು. ಮಂಡಿ ನಿಲ್ಲಲ್ಲ, ಕೈ ಹಿಡ್ಕೋ."

ಇಷ್ಟೇ ಸಮಾಚಾರ. ಇಷ್ಟೇ ಅಂತೀನಿ, ಎದೆ ಇನ್ನೂ ಕುಣಿಯುತ್ತಿದೆ. ಹಿಟ್ಟು ಹದಕ್ಕೆ ಬಂದಿರಬೇಕು. ಇವತ್ತು ಹಲಗೆಗೆ ಮೆಲ್ಲಗೆ ಬಡಿಯುತ್ತೇನೆ. ಮೆಣಸಿನ ಪುಡಿಯ ಮೇಲೆ ಕಾದ ಎಣ್ಣೆ ಸುರಿದಾಗ ಆ ಘಮ ನಿನ್ನ ಹೊಲದವರೆಗೂ ಬರುತ್ತದೆ ಎಂದು ಅಂದುಕೊಂಡಿದ್ದೇನೆ. ನಾಳೆಯಿಂದ ದಿಣ್ಣೆಯವರೆಗೆ ಬರಬೇಕು, ಸ್ವಲ್ಪ ಹೆಚ್ಚೇ ಸುರಿಯುತ್ತೇನೆ. ಹೊಸ ಜಾಗದ ಮಣ್ಣನ್ನು ನಾನು ಹೋಗಿ ಅಂಗೈಯಲ್ಲಿ ಪುಡಿ ಮಾಡಿ ನೋಡಿ ಬಂದಿದ್ದೇನೆ. ನೀನು ಕಲಿಸಿದ ಹಾಗೆ. ಯಾರೂ ಮುಟ್ಟದ ಮಣ್ಣು, ಒಣ ಮಣ್ಣು, ನೀರು ನಿಲ್ಲುವುದಿಲ್ಲ.

ಬೆಳಿಗ್ಗೆ ಜೋಯಿಸರು ಕೂಗುತ್ತಾರೆ. ನೀನು ಹೆದರಬೇಡ, ಅವರ ಕಸುಬು ಅದು. ಹಗ್ಗ ಬಿಗಿಯಾದಾಗ ನಿನ್ನ ಕಾಲಿನ ಕಡೆಗೆ ನೋಡು. ಎರಡು ಕೆಂಪು ಪಟ್ಟಿ ಕಟ್ಟಿಕೊಂಡ ಎರಡು ಮುದಿ ಕುದುರೆಗಳು ಬೂಟಿನ ತುದಿ ಉತ್ತರಕ್ಕಿಟ್ಟು ನಿಂತಿರುತ್ತವೆ, ನೀನು ಪೂರ್ತಿ ಇಳಿಯುವವರೆಗೆ. ಕೈ ತೋಳಿನೊಳಗೆ ಇಟ್ಟುಕೋ, ಅಲ್ಲಿ ತಣ್ಣಗಿರುತ್ತದೆ. ಆಮೇಲೆ ಮನೆಗೆ ಬಂದು ನಿನ್ನ ಬಟ್ಟಲನ್ನು ತೊಳೆದು ಒರೆಸಿ ಮೇಲಿನ ಅಟ್ಟಣಿಗೆಯಲ್ಲಿ ಇಡುತ್ತೇನೆ. ಗೇಟು ಅಲುಗಿದರೆ ಗಾಳಿ ಎಂದುಕೊಳ್ಳುತ್ತೇನೆ.

ಹೊಸ ಮನೆಯಲ್ಲಿ ನೆಲ ಒಣಗಿರಲಿ, ನಿದ್ದೆ ಗಾಢವಾಗಿರಲಿ, ಹನ್ನೆರಡೂ ಕಡೆಯಿಂದ ಕಾವಲಿರಲಿ. ಹೋಗಿ ಬಾ ಎನ್ನುವುದಿಲ್ಲ. ಹೋಗಿರು. ದಕ್ಷಿಣ ನಾವು ನೋಡಿಕೊಳ್ಳುತ್ತೇವೆ.

ಇಂತಿ,
ನಿನ್ನ ಎದುರು ಗೂಡಿನವಳು,
ಯೂಮಿಯೆನ್